ಸಿಂಧುವಳ್ಳಿಯ ಕರಿಯ ಅದಿರು

ಮೈಸೂರು ನಗರದಿಂದ ನಂಜನಗೂಡಿನ ಕಡೆಗೆ ಸಾಗುವ ಹಾದಿಯ ಆಸುಪಾಸಿನಲ್ಲಿ, ಸಿಂಧುವಳ್ಳಿ, ದೊಡ್ಡಕಾನ್ಯ ಮೊದಲಾದ ಗ್ರಾಮಗಳ ನೆಲದಡಿಯಲ್ಲಿ, ಅತಿ ಪ್ರಾಚೀನವಾದ ಅಗ್ನಿಶಿಲೆಯ ತುಣುಕುಗಳು ಅಲ್ಲಲ್ಲಿ ಹುದುಗಿವೆ. ಹಸುರು ಬೆರೆತ ಕಂದುಬಣ್ಣದ ಆ ಶಿಲೆಯಲ್ಲಿ ಒಂದೆಡೆ ಕಪ್ಪಗೆ, ಕೈಗೆ ಭಾರವೆನಿಸುವ ಕ್ರೋಮೈಟ್ ಅದಿರೂ, ಮತ್ತೊಂದೆಡೆ ಬಲೆಯಂತೆ ಹೆಣೆದುಕೊಂಡ ಮ್ಯಾಗ್ನೆಸೈಟಿನ ಬಿಳಿಯ ಎಳೆಗಳೂ ಕಾಣುವುವು. ಕ್ರೋಮೈಟನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಕಂದುಗೆರೆ ಮೂಡುವುದು. ಅದರಂತೆಯೇ ಕಪ್ಪಾದ ಮ್ಯಾಗ್ನೆಟೈಟ್ ಆದರೋ ಕರಿಗೆರೆಯನ್ನೇ ಬಿಡುವುದು. ಈ ಸರಳ ಪರೀಕ್ಷೆಯಿಂದಲೇ ಶೋಧಕರು ಇವೆರಡನ್ನು ಬೇರ್ಪಡಿಸುತ್ತಿದ್ದರು.

ಮೈಸೂರು ಸಂಸ್ಥಾನವು 1894ರಲ್ಲಿಯೇ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ, ರಾಬರ್ಟ್ ಬ್ರೂಸ್ ಫೂಟರಂಥ ಅನುಭವಿಯ ಕೈಗೆ ಅದನ್ನು ಒಪ್ಪಿಸಿದ್ದು ದೂರದೃಷ್ಟಿಯ ಕಾರ್ಯವೆಂದೇ ಹೇಳಬೇಕು. ಅವಿಭಜಿತ ಭಾರತದಲ್ಲಿ ಕ್ರೋಮೈಟಿನ ಉತ್ಪಾದನೆ 1903ರಲ್ಲಿ ಬಲೂಚಿಸ್ತಾನದಲ್ಲಿ ಮೊದಲಾಗಿ, 1907ರಲ್ಲಿ ಮೈಸೂರಿನಲ್ಲಿಯೂ ಆರಂಭವಾಯಿತು. ಆದರೆ ಅದಿರಿನ ಬಹುಭಾಗವು ಅದಿರಾಗಿಯೇ ಹಡಗನ್ನೇರಿ ಹೊರದೇಶಗಳಿಗೆ ಹೋಯಿತು. ಉಕ್ಕಿಗೆ ತುಕ್ಕುನಿರೋಧಕ ಗುಣವನ್ನೂ, ಕುಲುಮೆಯ ಇಟ್ಟಿಗೆಗೆ ತಾಪವನ್ನು ತಾಳುವ ಶಕ್ತಿಯನ್ನೂ, ತೊಗಲಿಗೆ ಬೇಗನೆ ಹದವನ್ನೂ ಕೊಡಬಲ್ಲ ಕ್ರೋಮಿಯಂ ಲೋಹವು ಹುಟ್ಟಿದ ನೆಲದಲ್ಲಿ ಕೇವಲ ಟನ್ನುಗಳ ಲೆಕ್ಕವಾಗಿ ಉಳಿದುದು ನನ್ನ ಮನಸ್ಸಿಗೆ ಇಂದಿಗೂ ನೋವಿನ ಸಂಗತಿ.

ಆ ಕಲ್ಲಿನ ಒಳಗುಟ್ಟು ಬಯಲಾದುದಾದರೂ ಗಣಿಗಾರಿಕೆ ಮೊದಲಾದ ಮೇಲೆಯೇ. 1915ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಜಪಾನಿನ ನಿಶಿಕಾವಾ ಪರಸ್ಪರ ಸಂಪರ್ಕವಿಲ್ಲದೆಯೇ ಎಕ್ಸ್-ಕಿರಣಗಳಿಂದ ಸ್ಪಿನೆಲ್ ಎಂಬ ಸ್ಫಟಿಕವರ್ಗದ ರಚನೆಯನ್ನು ಕಂಡುಹಿಡಿದರು. ಕ್ರೋಮೈಟು ಆ ವರ್ಗಕ್ಕೆ ಸೇರಿದುದು. ಅದರ ಮೂಲಘಟಕದಲ್ಲಿ 32 ಆಮ್ಲಜನಕಗಳು ಒತ್ತಾಗಿ ಜೋಡಣೆಗೊಂಡಿರಲು, ಅವುಗಳ ನಡುವಣ ತೆರಪುಗಳಲ್ಲಿ 8 ಕಬ್ಬಿಣಗಳು ನಾಲ್ಕು ಆಮ್ಲಜನಕಗಳ ನಡುವೆಯೂ, 16 ಕ್ರೋಮಿಯಂಗಳು ಆರರ ನಡುವೆಯೂ ನೆಲೆಸಿರುವುವು. ಕಬ್ಬಿಣದ ಸ್ಥಾನಕ್ಕೆ ಮೆಗ್ನೀಸಿಯಂ ಬರಲಿ, ಕ್ರೋಮಿಯಮ್ಮಿನ ಸ್ಥಾನಕ್ಕೆ ಅಲ್ಯೂಮಿನಿಯಂ ಬರಲಿ, ಕಟ್ಟಡ ಕುಸಿಯದು. ಶುದ್ಧ ಕ್ರೋಮೈಟಿನಲ್ಲಿ ಕ್ರೋಮಿಯಂ ಆಕ್ಸೈಡ್ ಶೇಕಡ 68ರಷ್ಟಿರಬೇಕಾದರೂ ಒಂದೊಂದು ಗಣಿಯ ಅದಿರು ಒಂದೊಂದು ಪ್ರಮಾಣವನ್ನು ತೋರಿಸುವುದಕ್ಕೂ, ವರ್ತಕರು ಆ ಪ್ರಮಾಣವನ್ನು ನೋಡಿಯೇ ಬೆಲೆ ಕಟ್ಟುವುದಕ್ಕೂ ಈ ಉದಾರ ರಚನೆಯೇ ಕಾರಣ.

ಮ್ಯಾಗ್ನೆಸೈಟಿನ ಕಥೆ ಬೇರೆ. ಭಟ್ಟಿಯಲ್ಲಿ ಸುಟ್ಟಾಗ ಅದರ 84 ಭಾಗ ತೂಕದಲ್ಲಿ 44 ಭಾಗ ಇಂಗಾಲಾಮ್ಲ ವಾಯುವಾಗಿ ಹಾರಿಹೋಗಿ, ಉಳಿದ 40 ಭಾಗವು ಮೆಗ್ನೀಸಿಯಂ ಆಕ್ಸೈಡ್ ಆಗುವುದು. ಅಡುಗೆಯ ಉಪ್ಪಿನ ಸ್ಫಟಿಕರಚನೆಯನ್ನೇ ತಳೆದ ಆ ಆಕ್ಸೈಡು 2800 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕರಗದು. ಅದೇ ಲೋಹವು ಫ್ಲೂರಿನ್ನೊಡನೆ ಕೂಡಿದರೆ ಮತ್ತೊಂದು ರೂಪವನ್ನು ತಾಳುವುದು: ಮೆಗ್ನೀಸಿಯಂ ಫ್ಲೂರೈಡಿನ ರಚನೆ ಟೈಟೇನಿಯಮ್ಮಿನ ಆಕ್ಸೈಡಾದ ರೂಟೈಲಿನ ರಚನೆಯೇ ಆಗಿದ್ದು, ಮಸೂರಗಳ ಪ್ರತಿಫಲನವನ್ನು ತಗ್ಗಿಸುವ ತೆಳುಲೇಪಕ್ಕೆ ಅದು ಒದಗುವುದು. ಫ್ಲೂರೈಡ್ ಮತ್ತು ಆಕ್ಸೈಡ್ ಅಯಾನುಗಳ ಗಾತ್ರಗಳು ಬಹುಮಟ್ಟಿಗೆ ಸಮಾನವಾದುದರಿಂದ ಈ ಎರಡು ಕುಲಗಳಿಗೆ ಇಂಥ ರೂಪಸಾಮ್ಯವು ಒದಗಿತೆಂಬುದನ್ನು 1920ರ ದಶಕದಲ್ಲಿ ಭೂರಸಾಯನ ವಿಜ್ಞಾನಿ ಗೋಲ್ಡ್‌ಸ್ಮಿತ್ ವಿಶದಪಡಿಸಿದನು.

ಇನ್ನು, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಇಂಥ ಸ್ಫಟಿಕಗಳನ್ನು ಪ್ರಯೋಗಶಾಲೆಯಲ್ಲಿಯೇ ಬೆಳೆಸುವ ವಿದ್ಯೆಗೆ ನೆಲೆ ದೊರೆತುದು ಭೂವಿಜ್ಞಾನ ವಿಭಾಗದಲ್ಲಿ ಎಂಬುದು ಗಮನಿಸಬೇಕಾದ ಅಂಶ. ಪ್ರೊಫೆಸರ್ ಕೆ. ಬೈರಪ್ಪನವರು ಅಲ್ಲಿ ಕೈಗೊಂಡ ಜಲೋಷ್ಣ ವಿಧಾನದಲ್ಲಿ, ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ನೀರನ್ನು ಕುದಿಬಿಂದುವಿನಿಂದಾಚೆಗೆ ಕಾಯಿಸಿದಾಗ, ಸಾಮಾನ್ಯವಾಗಿ ಕರಗದ ಆಕ್ಸೈಡುಗಳೂ ಒತ್ತಡದಲ್ಲಿ ಕರಗಿ ಮರಳಿ ಸ್ಫಟಿಕವಾಗಿ ಇಳಿಯುವುವು. ಬಿಸಿನೀರು ಶಿಲೆಯ ಬಿರುಕುಗಳಲ್ಲಿ ಹರಿದು ಖನಿಜಗಳನ್ನು ಕಟ್ಟುವ ಬಗೆಯನ್ನು ಬಂಡೆಗಳಲ್ಲಿಯೇ ಓದಿ ಬಲ್ಲವರಿಗೆ ಈ ವಿಧಾನವು ಪರಕೀಯವೆನಿಸಿರಲಾರದು. ಜಪಾನಿನ ಮಸಾಹಿರೋ ಯೋಶಿಮುರಾ ಅವರೊಡನೆ ಬೈರಪ್ಪನವರು ಬರೆದ ಜಲೋಷ್ಣ ತಂತ್ರದ ಬೃಹತ್ ಕೈಪಿಡಿ 2001ರಲ್ಲಿ ಪ್ರಕಟವಾಗಿ, ಅನ್ಯದೇಶಗಳ ಪ್ರಯೋಗಶಾಲೆಗಳಿಗೂ ಮೈಸೂರಿನ ಅನುಭವವನ್ನು ಒಯ್ದಿತು.