ನಡುವಿನ ಪೆಟ್ಟಿಗೆ

ಹೊರಕೆರೆದೇವಪುರದ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಟಿ.ವಿ. ಸೌಂಡಿನದೇ ಜಗಳ. ಅಪ್ಪನಿಗೆ ಮಾತು ಕೇಳಿಸಬೇಕೆಂದರೆ ಸೌಂಡು ಮೂವತ್ತೈದಕ್ಕೆ ಏರಬೇಕು. ಅಷ್ಟು ಏರಿಸಿದಾಗ ನಡುವೆ ಹಾಡೋ ಹೊಡೆದಾಟವೋ ಬಂದರೆ ಅವ್ವ ಅಡುಗೆಮನೆಯಿಂದ ಓಡಿ ಬಂದು ರಿಮೋಟ್ ಕಿತ್ತುಕೊಳ್ಳುತ್ತಾಳೆ. ದೀಪಾವಳಿಗೆ ನಾನು ಊರಿಗೆ ಹೋದಾಗ ಅಪ್ಪ ಟಿ.ವಿ. ನೋಡುವುದನ್ನೇ ಬಿಟ್ಟು, ಕತ್ತಲಲ್ಲಿ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. "ಶಬ್ದ ಕೇಳ್ಸುತ್ತೆ ಕಣವ್ವ, ಮಾತು ಕೇಳ್ಸಲ್ಲ" ಎಂದರು.

ಹೀಗೆ ಹೇಳಿದವರು ಮೂವತ್ತು ವರ್ಷ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಮಾತು ಕೇಳಿಸಿದವರು. ಮದುವೆ, ನಾಟಕ, ಚುನಾವಣೆ ಭಾಷಣ, ಲಕ್ಷ್ಮೀನರಸಿಂಹಸ್ವಾಮಿಯ ತೇರು, ಏನೇ ಇರಲಿ, ಅಪ್ಪನ ಮೈಕ್‌ಸೆಟ್ ಇರುತ್ತಿತ್ತು. ಡಿ.ಜೆ. ಬಂದ ಮೇಲೆ ಹಾರ್ನುಗಳು ಅಟ್ಟ ಸೇರಿದವು. ಆ ಹೊತ್ತಿಗೆ ಕಿವಿಯೂ ಹೋಗಿತ್ತು. ಹಾರ್ನಿನ ಬಾಯ ಬಳಿ ನಿಂತು ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು, ಸುಮಾರು 4000 ಹರ್ಟ್ಸ್ ಆಸುಪಾಸಿನವನ್ನು. ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಜಾರುತ್ತವೆ. ಅಪ್ಪನಿಗೆ ಕತ್ತೆಯೂ ಕಪ್ಪೆಯೂ ಒಂದೇ. ಚಿತ್ರದುರ್ಗದಲ್ಲಿ ತೋರಿಸಿ ಕಿವಿಗೆ ಮಿಷನ್ ಹಾಕಿಸಿದೆವು. ಎದುರು ಕೂತು ಮಾತಾಡುವಾಗ ಅದು ಪರವಾಗಿಲ್ಲ. ಟಿ.ವಿ. ಮುಂದೆ ಮಾತ್ರ ಹಿನ್ನೆಲೆ ಸಂಗೀತವನ್ನೂ ಮಾತಿನಷ್ಟೇ ಎತ್ತಿ ಕೊಡುತ್ತದೆ.

ಹಾಗಾದರೆ ಬೇಕಾದದ್ದು ಹೆಚ್ಚು ಶಬ್ದವಲ್ಲ. ಸಂಗೀತವನ್ನು ಇದ್ದಲ್ಲೇ ಬಿಟ್ಟು ಮಾತೊಂದನ್ನೇ ಏರಿಸುವ ದಾರಿ ಬೇಕು. ಆ ಅನುಕೂಲ ಇರುವುದು ಐದು ಚಾನೆಲಿನ ಆಂಪ್ಲಿಫೈಯರುಗಳಲ್ಲಿ. ಎಡ, ಬಲ, ಹಿಂದೆ ಎರಡು, ಅವುಗಳ ಜೊತೆಗೆ ಟಿ.ವಿ.ಯ ಕೆಳಗೆ ನಡುವೆ ಒಂದು ಪೆಟ್ಟಿಗೆ. ಸಿನಿಮಾದ ಮಾತು ಬಹುಪಾಲು ಈ ನಡುವಿನದರಿಂದ ಬರುತ್ತದೆ, ಅದರ ಮಟ್ಟವನ್ನು ಬೇರೆಯಾಗಿ ಏರಿಸಬಹುದು. ಹೊಸದನ್ನು ಕೊಳ್ಳಲು ನನ್ನ ಫೆಲೋಶಿಪ್ ಸಾಲದು. ಹಳೆಯದನ್ನು ಹುಡುಕಲು ಹೊರಟೆ. ಇತಿಹಾಸ ಓದುವವರ ಚಾಳಿ, ವಸ್ತುವಿಗಿಂತ ಮೊದಲು ಅದರ ಹಿಂದಿನ ಕಥೆ ಕೈಗೆ ಸಿಕ್ಕಿತು.

ಎರಡು ಪೆಟ್ಟಿಗೆಯ ಸ್ಟೀರಿಯೋ ಮೊದಲು, ಐದು ಪೆಟ್ಟಿಗೆಯ ಆಡಂಬರ ಆಮೇಲೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಇಂಗ್ಲೆಂಡಿನ ಅಲನ್ ಬ್ಲುಮ್‌ಲೈನ್ ಎರಡು ಚಾನೆಲಿನ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರ ಡಿಸೆಂಬರಿನಲ್ಲಿ. ಮುಂದೆ ಹೆಂಡತಿಯಾದವಳ ಜೊತೆ ಸಿನಿಮಾಕ್ಕೆ ಹೋಗಿದ್ದಾಗ ನಟ ಪರದೆಯ ಒಂದು ಕಡೆ, ದನಿ ಇನ್ನೊಂದು ಕಡೆ ಇದ್ದದ್ದು ಅವನನ್ನು ಕೆಣಕಿತೆಂದು ಹೇಳುತ್ತಾರೆ. ಆದರೆ 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಲ್ಯಾಬ್ಸ್‌ನ ಹಾರ್ವಿ ಫ್ಲೆಚರ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ವಾದ್ಯವೃಂದವನ್ನು ಟೆಲಿಫೋನ್ ತಂತಿಯ ಮೇಲೆ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿದಾಗ ಬಳಸಿದ್ದು ಮೂರು ಚಾನೆಲ್. ವೃಂದದ ನಿರ್ದೇಶಕ ಸ್ಟೊಕೋವ್‌ಸ್ಕಿ ವಾದಕರ ಜೊತೆ ಇರಲಿಲ್ಲ, ವಾಷಿಂಗ್ಟನ್ನಿನಲ್ಲಿ ಕೂತು ಶಬ್ದದ ಮಟ್ಟದ ಗುಂಡಿಗಳನ್ನು ತಿರುಗಿಸುತ್ತಿದ್ದ.

ಮೂರು ಯಾಕೆ? ಎಡಬಲದಲ್ಲಿ ಒಂದೊಂದೇ ಪೆಟ್ಟಿಗೆ ಇದ್ದರೆ ಸರಿಯಾಗಿ ಮಧ್ಯೆ ಕೂತವನಿಗಷ್ಟೇ ಹಾಡುಗಾರ ನಡುವೆ ನಿಂತಂತೆ ಕೇಳುತ್ತದೆ. ಅಂಚಿನ ಕುರ್ಚಿಯವನಿಗೆ ಎಲ್ಲವೂ ಹತ್ತಿರದ ಪೆಟ್ಟಿಗೆಯೊಳಕ್ಕೆ ಕುಸಿಯುತ್ತದೆ. ಸಭಾಂಗಣದ ತುಂಬ ಜನ ಕೂರುವಲ್ಲಿ ಇದು ನಡೆಯದು. ನಡುವಿನ ಪೆಟ್ಟಿಗೆ ಹುಟ್ಟಿದ್ದು ಬದಿಯಲ್ಲಿ ಕೂತವರ ಸಲುವಾಗಿ. 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ' ಬಂದಾಗಲೂ ಪರದೆಯ ಹಿಂದೆ ನಡುವಿನದಿತ್ತು.

ಅದು ಕಾಣೆಯಾದದ್ದು ಮನೆಗೆ ಬರುವಾಗ. ಗ್ರಾಮಾಫೋನ್ ತಟ್ಟೆಯ ಗೀರಿಗೆ ಇರುವುದು ಎರಡೇ ಗೋಡೆ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ ಬರೆದರೆ ಮೂರನೆಯದಕ್ಕೆ ಜಾಗವಿಲ್ಲ. 1958ರ ಹೊತ್ತಿಗೆ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದವು, ಮನೆಯಲ್ಲಿ ಎರಡೇ ನಿಯಮವಾಯಿತು. ಎರಡು ಕಿವಿಗೆ ಎರಡು ಪೆಟ್ಟಿಗೆ ಎಂಬ ವಾದ ಕೇಳಲು ಚೆಂದ, ಕಾರಣ ಮಾತ್ರ ಬಡಗಿ ಕೆಲಸದಷ್ಟು ಸಾದಾ. 1970ರ ದಶಕದಲ್ಲಿ ನಾಲ್ಕು ಚಾನೆಲಿನ ಕ್ವಾಡ್ರಫೋನಿಕ್ ಬಂತು. ಒಬ್ಬೊಬ್ಬ ತಯಾರಕನದು ಒಂದೊಂದು ಪದ್ಧತಿಯಾಗಿ ಅದು ನೆಲಕಚ್ಚಿತು.

ಸಿನಿಮಾ ಮಂದಿರದಲ್ಲಿ ಡಾಲ್ಬಿಯವರು ಒಂದು ಉಪಾಯ ಹೂಡಿದ್ದರು. ಎಡ, ನಡು, ಬಲ, ಹಿಂದು, ಈ ನಾಲ್ಕನ್ನೂ ಎರಡು ಹಾದಿಯೊಳಗೆ ಮಡಚಿ ಇಡುವುದು. ಎರಡೂ ಹಾದಿಯಲ್ಲಿ ಒಂದೇ ಸಮ ಇರುವ ಶಬ್ದ ನಡುವಿನದು, ಒಂದರಲ್ಲಿ ಸುಲಟಾ ಇನ್ನೊಂದರಲ್ಲಿ ಉಲ್ಟಾ ಇರುವುದು ಹಿಂದಿನದು. 1977ರ 'ಸ್ಟಾರ್ ವಾರ್ಸ್' ಇದಕ್ಕೆ ಹೆಸರು ತಂದಿತು. ವಿಡಿಯೋ ಕ್ಯಾಸೆಟ್ಟಿನಲ್ಲೂ ಆ ಮಡಿಕೆ ಹಾಗೇ ಉಳಿಯುತ್ತಿದ್ದರಿಂದ 1982ರಲ್ಲಿ ಡಾಲ್ಬಿ ಸರೌಂಡ್ ಮನೆಗೆ ಬಂತು. ಆದರೆ ಅದು ಬಿಚ್ಚಿ ಕೊಟ್ಟದ್ದು ಹಿಂದಿನದನ್ನು ಮಾತ್ರ. ನಡುವಿನ ಪೆಟ್ಟಿಗೆ ಮನೆಗೆ ಬಂದದ್ದು 1987ರ ಪ್ರೋ ಲಾಜಿಕ್‌ನಲ್ಲಿ, ವಾಷಿಂಗ್ಟನ್ನಿನ ಆ ಸಂಜೆಯಾಗಿ 54 ವರ್ಷಕ್ಕೆ.

ನಮ್ಮ ಕಡೆ ಈ ಎಡಬಲದ ಗೊಡವೆಯೇ ಇರಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಶುರುಮಾಡಿದ ಆಕಾಶವಾಣಿಯಾಗಲಿ, 1930ರ ದಶಕದ ಕಾಂಗ್ರೆಸ್ ಸಭೆಗಳಿಗೆ ಮೋಟ್ವಾನೆಯವರ ಷಿಕಾಗೋ ರೇಡಿಯೋ ಕಟ್ಟಿದ ಧ್ವನಿವರ್ಧಕಗಳಾಗಲಿ, ಮರಕ್ಕೆ ಕಟ್ಟಿದ ಅಪ್ಪನ ಹಾರ್ನಾಗಲಿ, ಎಲ್ಲವೂ ಒಂದೇ ಚಾನೆಲ್. ಹಾರ್ನಿಗೆ ಇಂಪಿಲ್ಲ, ತಗ್ಗಿನ ಶಬ್ದ ಅದರಲ್ಲಿ ಬರುವುದೇ ಇಲ್ಲ. ಮನುಷ್ಯನ ಮಾತು ಎಷ್ಟರಲ್ಲಿ ಇರುತ್ತದೋ ಅಷ್ಟನ್ನು ಮಾತ್ರ ಹಿಡಿದು ದೂರ ಎಸೆಯುತ್ತದೆ. ಒಂದು ಲೆಕ್ಕಕ್ಕೆ ಅಪ್ಪ ಜೀವನವಿಡೀ ನಡುವಿನ ಪೆಟ್ಟಿಗೆಯನ್ನೇ ಹೊತ್ತು ತಿರುಗಿದ್ದರು.

ಕೊಳ್ಳಲು ಬೆಂಗಳೂರಿಗೆ ಅವರನ್ನೂ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದವರು ಹೊರಡುವ ದಿನ ಬೆಳಗ್ಗೆ ಮಲ್ಟಿಮೀಟರನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಎಸ್.ಪಿ. ರಸ್ತೆಯ ಗಲ್ಲಿಯೊಂದರಲ್ಲಿ ಮೂರು ಪೆಟ್ಟಿಗೆ ನೋಡಿದೆವು. ಮೊದಲನೆಯದು ಇಲ್ಲೇ ಜೋಡಿಸಿದ್ದು, ಮುಂದೆ ನೀಲಿ ಲೈಟು, ಸಾವಿರಾರು ವ್ಯಾಟ್ ಪಿ.ಎಂ.ಪಿ.ಓ. ಎಂಬ ಅಚ್ಚು. ಈ ಪಿ.ಎಂ.ಪಿ.ಓ. ಒಂದು ಅಳತೆಯೇ ಅಲ್ಲ, ಅದಕ್ಕೆ ಎಲ್ಲರೂ ಒಪ್ಪಿದ ಪರೀಕ್ಷೆಯಿಲ್ಲ. ಇಂಥ ಅಂಕಿಗಳ ಹಾವಳಿ ತಡೆಯಲೆಂದೇ ಅಮೆರಿಕದಲ್ಲಿ 1974ರಲ್ಲಿ ನಿಯಮ ತಂದಿದ್ದರು. ಅದನ್ನು ಬರೆದದ್ದು ಸ್ಟೀರಿಯೋ ಕಾಲದಲ್ಲಿ. ಐದು ಚಾನೆಲ್ ಬಂದಾಗ ಎಷ್ಟನ್ನು ಒಟ್ಟಿಗೆ ನುಡಿಸಿ ಅಳೆಯಬೇಕೆಂಬ ಗೊಂದಲ ಉಳಿಯಿತು. ಒಳ್ಳೆಯ ಹೆಸರಿನ ಪೆಟ್ಟಿಗೆಗಳ ಮೇಲೂ 'ಚಾನೆಲಿಗೆ ನೂರು ವ್ಯಾಟ್' ಎಂದರೆ ಬಹಳ ಸಲ ಎರಡನ್ನು ಮಾತ್ರ ನುಡಿಸಿದಾಗ ಬಂದ ಲೆಕ್ಕ.

ಶಾಸನ ಓದುವವರಿಗೆ ಇದು ಹೊಸದಲ್ಲ. ಆರಂಭದ ಪ್ರಶಸ್ತಿಯಲ್ಲಿ ರಾಜ ಸಮುದ್ರದವರೆಗೆ ಆಳುತ್ತಾನೆ. ದತ್ತಿ ಎಷ್ಟು ಗದ್ದೆ, ಯಾವ ಕೆರೆಯ ಕೆಳಗೆ ಎಂಬುದು ಕೊನೆಯ ಸಾಲುಗಳಲ್ಲಿ ಇರುತ್ತದೆ. ಆಂಪ್ಲಿಫೈಯರಿನ ಪ್ರಶಸ್ತಿ ಮುಂದೆ, ದತ್ತಿ ಹಿಂದಿನ ತಗಡಿನಲ್ಲಿ. ಎರಡನೆಯ ಪೆಟ್ಟಿಗೆ ಜಪಾನಿ ಹೆಸರಿನದು, ನೋಡಲು ಲಕ್ಷಣವಾಗಿತ್ತು. ಹಿಂದೆ ತಿರುಗಿಸಿದರೆ 120 ವೋಲ್ಟ್. ಅಮೆರಿಕದಿಂದ ಯಾರೋ ಹೊತ್ತು ತಂದದ್ದು. "ನಮ್ಮೂರ ಕರೆಂಟಿಗೆ ಇದಕ್ಕೊಂದು ಟ್ರಾನ್ಸ್‌ಫಾರ್ಮರ್ರು, ಅದಕ್ಕೊಂದು ಸ್ಟೆಬಿಲೈಜರ್ರು. ಬ್ಯಾಡ" ಎಂದರು ಅಪ್ಪ.

ಮೂರನೆಯದು ಹದಿನೈದು ವರ್ಷ ಹಳೆಯದು, 230 ವೋಲ್ಟ್. ಎಚ್.ಡಿ.ಎಂ.ಐ. ಇಲ್ಲದ ಕಾರಣಕ್ಕೇ ಅಗ್ಗ. ಹಳೆಯ ಇಂಥವುಗಳ ಬೆಲೆ ಬೀಳುವುದು ಶಬ್ದ ಕೆಟ್ಟು ಅಲ್ಲ, ಚಿತ್ರದ ತಂತಿ ಬದಲಾಗಿ. ನಮಗೆ ಚಿತ್ರ ಬೇಕಿರಲಿಲ್ಲ. ಟಿ.ವಿ.ಯ ಆಪ್ಟಿಕಲ್ ತಂತಿ ಸೇರಿಸಲು ಒಂದು ತೂತಿದ್ದರೆ ಸಾಕು, ಅದು ಇತ್ತು. ಅಂಗಡಿಯವನು ಅಪ್ಪನಿಗೆ ಕೇಳುವುದಿಲ್ಲವೆಂದು ತಿಳಿದು ಎಲ್ಲವನ್ನೂ ನನಗೇ ಹೇಳುತ್ತಿದ್ದ. ಅಪ್ಪ ಸುಮ್ಮನೆ ಎತ್ತಿ ತೂಕ ನೋಡಿದರು. ಒಳಗಿನ ಟ್ರಾನ್ಸ್‌ಫಾರ್ಮರ್ ತೂಕದಲ್ಲಿ ಸುಳ್ಳು ಹೇಳುವುದಿಲ್ಲ. ಮುಚ್ಚಳ ಬಿಚ್ಚಿಸಿ ಮೂಗಿಟ್ಟು ಸುಟ್ಟ ವಾಸನೆ ಇದೆಯೇ ನೋಡಿದರು, ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಬೆರಳಾಡಿಸಿದರು. ಆನ್ ಮಾಡಿಸಿ ರಿಲೇಯ ಟಕ್ ಎಂಬ ಸದ್ದಿಗೆ ಕಾಯುತ್ತಾ, ಕಿವಿಗೆ ಕೇಳಿಸದೆಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಐದೂ ಜೋಡಿ ತುದಿಗಳಿಗೆ ಮಲ್ಟಿಮೀಟರ್ ಹಿಡಿದರು. ಸದ್ದಿಲ್ಲದಾಗ ಅಲ್ಲಿ ಡಿ.ಸಿ. ಕೆಲವೇ ಮಿಲಿವೋಲ್ಟ್ ಇರಬೇಕು, ಹೆಚ್ಚಿದ್ದರೆ ಸ್ಪೀಕರ್ ಸುಡುತ್ತದೆ. ನಾಲ್ಕು ಸರಿಯಿತ್ತು. ಹಿಂದಿನ ಬಲಗಡೆಯದು ಅರ್ಧ ವೋಲ್ಟಿಗೆ ಹತ್ತಿರ ತೋರಿಸಿತು.

"ಒಂದು ಚಾನೆಲ್ ಕೆಟ್ಟೈತೆ. ನಮಗೆ ನಡುವಿಂದು ಸರಿಯಿದ್ರೆ ಸಾಕು. ಆದ್ರೆ ರೇಟು ನಾಲ್ಕು ಚಾನೆಲ್ಲಿಂದು ಹೇಳಪ್ಪ."

ಅಂಗಡಿಯವನು ಮೊದಲ ಬಾರಿಗೆ ಅಪ್ಪನ ಕಡೆ ತಿರುಗಿ, "ಏನ್ ಕೆಲ್ಸ ಯಜಮಾನ್ರೇ ತಾವು?" ಎಂದು ಕೇಳಿದ. ಒಂಬತ್ತು ಸಾವಿರ ಹೇಳಿದ್ದು ಆರೂವರೆಗೆ ಬಂತು.

ಊರಲ್ಲಿ ಜೋಡಿಸಿದ ಸಂಜೆ ಅಪ್ಪ ಕೇಳಿದ್ದು ಒಂದು ಹಳೆಯ ಕಪ್ಪುಬಿಳುಪು ಸಿನಿಮಾ. ಅಂಥವು ಒಂದೇ ಚಾನೆಲಿನವು, ಎಡಬಲ ಎರಡರಲ್ಲೂ ಅದೇ ಶಬ್ದ. ಪ್ರೋ ಲಾಜಿಕ್ ಅದನ್ನೆಲ್ಲ ನಡುವಿನ ಪೆಟ್ಟಿಗೆಗೆ ಕಳಿಸಿತು, ಉಳಿದವು ಮೌನ. "ಇಷ್ಟೆಲ್ಲ ತಂದು ಒಂದೇ ಮಾತಾಡ್ತೈತಲ್ಲವ್ವ!" ಎಂದು ನಕ್ಕರು. ಹೊಸ ಸಿನಿಮಾ ಹಾಕಿ ನಡುವಿನದನ್ನು ಆರು ಡೆಸಿಬಲ್ ಏರಿಸಿದೆ, ಉಳಿದದ್ದನ್ನು ತಗ್ಗಿಸಿದೆ. ಅಪ್ಪ ಮಂಚದ ಮೇಲೆ, ಟಿ.ವಿ.ಗೆ ಓರೆಯಾಗಿ ಗೋಡೆಗೆ ಒರಗಿ ಕೂತಿದ್ದರು. ಅದು ಅವರ ಜಾಗ, ಮೊದಲಿಂದಲೂ ಬದಿಯದೇ. ಕತ್ತೆ ಈಗಲೂ ಒಮ್ಮೊಮ್ಮೆ ಕಪ್ಪೆಯಾಗುತ್ತದೆ, ಹಿಂದುಮುಂದಿನ ಮಾತು ಸಿಕ್ಕರೆ ತಾವೇ ತಿದ್ದಿಕೊಳ್ಳುತ್ತಾರೆ.

ಮೊನ್ನೆ ರಾತ್ರಿ ಮನೆಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಕೊಡು ಎಂದರೆ ಅವ್ವ, "ವಾರ್ತೆ ನೋಡ್ತಾ ಅವ್ರೆ, ಮುಗಿದ್ಮೇಲೆ ಮಾಡು" ಎಂದು ಇಟ್ಟೇಬಿಟ್ಟಳು.