ಬೂದಿಯ ಮೇಲಿನ ಬಾಡಿಗೆ

1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಲಂಡನ್ನಿನ ಪುಡ್ಡಿಂಗ್ ಲೇನ್ ಎಂಬ ಗಲ್ಲಿಯ ಬೇಕರಿಯೊಂದರಲ್ಲಿ ಹತ್ತಿಕೊಂಡ ಬೆಂಕಿ ನಾಲ್ಕು ದಿನ ಉರಿಯಿತು. ಸುಮಾರು 13,200 ಮನೆಗಳು, 87 ಚರ್ಚುಗಳು ಮತ್ತು ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್ ಸುಟ್ಟುಹೋದವು. ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್‌ನ ಗುಮ್ಮಟಕ್ಕೆ ಜಿಗಿಯುತ್ತಾರೆ. ನನ್ನನ್ನು ಕಾಡುವ ಪ್ರಶ್ನೆ ಅದಕ್ಕಿಂತ ಸಣ್ಣದು: ಸುಟ್ಟ ಮನೆಗೆ ಬಾಡಿಗೆ ಕೊಡಬೇಕಾದವರು ಯಾರು?

ಬೆಂಕಿ ಆರಿ ವಾರ ಕಳೆಯುವುದರೊಳಗೆ ರೆನ್ ಹೊಸ ನಗರದ ನಕ್ಷೆಯನ್ನು ದೊರೆ ಎರಡನೇ ಚಾರ್ಲ್ಸನ ಮುಂದಿಟ್ಟ. ಅಗಲವಾದ ನೇರ ಬೀದಿಗಳು, ವಿಶಾಲ ಚೌಕಗಳು. ನೋಡಲು ಚೆಂದ. ಆದರೆ ಅದರ ಒಂದೊಂದು ಗೆರೆಯೂ ಯಾರದೋ ನಿವೇಶನದ ಮೇಲೆ ಹಾಯುತ್ತಿತ್ತು. ಅಷ್ಟೂ ಜಾಗ ಕೊಳ್ಳಲು ಹಣವಿರಲಿಲ್ಲ. ಡಚ್ಚರೊಂದಿಗಿನ ಯುದ್ಧ ಬೇರೆ ನಡೆದಿತ್ತು. ಕೆಲವು ಬೀದಿಗಳನ್ನು ಅಗಲ ಮಾಡಿದ್ದು ಬಿಟ್ಟರೆ, ನಗರ ಬಹುಮಟ್ಟಿಗೆ ಹಳೆಯ ಗಲ್ಲಿಗಳ ಜಾಡಿನಲ್ಲೇ ಮತ್ತೆ ಎದ್ದಿತು.

ಹಾಗೆ ಏಳಲಿಕ್ಕೂ ಒಂದು ದೊಡ್ಡ ತೊಡಕಿತ್ತು. ಅಂದಿನ ಗುತ್ತಿಗೆ ಕರಾರುಗಳ ಪ್ರಕಾರ ಮನೆಯ ದುರಸ್ತಿ ಬಾಡಿಗೆದಾರನ ಹೊಣೆ. ಮನೆಯೇ ಇಲ್ಲವಾದಾಗ ಅದನ್ನು ಕಟ್ಟಿಸುವುದೂ ಅವನ ತಲೆಗೇ ಬಂತು. ಜೊತೆಗೆ ಬೂದಿಯ ಮೇಲೆ ಬಾಡಿಗೆಯನ್ನೂ ಕೊಡಬೇಕು. ಅಂಗಡಿ, ಸರಕು ಎಲ್ಲ ಕಳೆದುಕೊಂಡು ಊರಾಚೆಯ ಬಯಲಿನಲ್ಲಿ ಡೇರೆ ಹಾಕಿದ್ದವನು ಎಲ್ಲಿಂದ ತಂದಾನು? ಇದಕ್ಕಾಗಿಯೇ ಪಾರ್ಲಿಮೆಂಟು ಬೆಂಕಿ ನ್ಯಾಯಾಲಯವನ್ನು ಸ್ಥಾಪಿಸಿತು. ನ್ಯಾಯಾಧೀಶರು ಸಂಭಾವನೆ ಪಡೆಯದೆ ಕುಳಿತು, ಮಾಲೀಕ ಮತ್ತು ಬಾಡಿಗೆದಾರ ಇಬ್ಬರ ಮಾತನ್ನೂ ಕೇಳಿ, ಸಾವಿರಕ್ಕೂ ಹೆಚ್ಚು ವ್ಯಾಜ್ಯಗಳನ್ನು ಇತ್ಯರ್ಥ ಮಾಡಿದರು. ಯಾರು ಕಟ್ಟಿಸಲು ಮುಂದೆ ಬರುತ್ತಾರೋ ಅವರಿಗೆ ಅನುಕೂಲವಾಗುವಂತೆ ಬಾಡಿಗೆ ಇಳಿಸಿದರು, ಗುತ್ತಿಗೆಯ ಅವಧಿ ಹೆಚ್ಚಿಸಿದರು. ಬರೆದು ಸಹಿ ಹಾಕಿದ ಕರಾರನ್ನೇ ತಿದ್ದುವ ಅಧಿಕಾರ ಅದು! ಲಂಡನ್ನನ್ನು ಮತ್ತೆ ಕಟ್ಟಿದವರ ಪಟ್ಟಿಯಲ್ಲಿ ನಾನಾದರೆ ಈ ನ್ಯಾಯಾಧೀಶರನ್ನು ರೆನ್‌ಗಿಂತ ಮೇಲೆ ಇಡುತ್ತೇನೆ.

ಮನೆಗಳ ರೂಪವಂತೂ ಬದಲಾಯಿತು. 1667ರ ಕಾಯ್ದೆ ಹೊರಗೋಡೆಗಳಿಗೆ ಇಟ್ಟಿಗೆ ಅಥವಾ ಕಲ್ಲನ್ನೇ ಬಳಸಬೇಕೆಂದಿತು. ಗಲ್ಲಿಯಲ್ಲಾದರೆ ಎರಡು ಅಂತಸ್ತು, ಮುಖ್ಯ ಬೀದಿಯಲ್ಲಾದರೆ ನಾಲ್ಕು. ಬೀದಿಯ ಮೇಲೆ ಚಾಚಿಕೊಳ್ಳುತ್ತಿದ್ದ ಮರದ ಮಹಡಿಗಳ ಕಾಲ ಮುಗಿಯಿತು. ಅದಕ್ಕಿಂತ ಸ್ವಾರಸ್ಯದ್ದು ಕೆಲಸಗಾರರ ಸಂಗತಿ. ಅದುವರೆಗೆ ನಗರದಲ್ಲಿ ಕಟ್ಟಡದ ಕೆಲಸ ಅಲ್ಲಿನ ಕಸುಬುದಾರ ಸಂಘಗಳ ಹಿಡಿತದಲ್ಲಿತ್ತು. ಕಾಯ್ದೆ ಹೊರಗಿನ ಬಡಗಿ, ಗಾರೆಯವರಿಗೂ ಬಾಗಿಲು ತೆರೆಯಿತು. ಏಳು ವರ್ಷ ದುಡಿದವರಿಗೆ ಜೀವನಪೂರ್ತಿ ಆ ಹಕ್ಕು. ಇತ್ತ ಹಳೆಯ ನಿವಾಸಿಗಳಲ್ಲಿ ಅನೇಕರು ಹಿಂದಿರುಗಲೇ ಇಲ್ಲ. ಹೊರವಲಯದಲ್ಲೇ ನೆಲೆ ಕಂಡುಕೊಂಡರು. ಹೊಸ ಮನೆಗಳೆಷ್ಟೋ ಖಾಲಿ ಉಳಿದವು.

ಹೊರಗಿನವರನ್ನು ದುಡಿಮೆಗೆ ಕರೆದ ಇದೇ ಊರು ಅದಕ್ಕೆ ಕೆಲವೇ ತಿಂಗಳು ಮೊದಲು ಹೊರಗಿನವನೊಬ್ಬನನ್ನು ನೇಣಿಗೇರಿಸಿತ್ತು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರದ ಕಸುಬಿನವನು ಬೆಂಕಿ ಇಟ್ಟದ್ದು ತಾನೇ ಎಂದು ಒಪ್ಪಿಕೊಂಡಿದ್ದ. ಬೆಂಕಿ ಹೊತ್ತಿ ಎರಡು ದಿನವಾದ ಮೇಲಷ್ಟೇ ಅವನು ಲಂಡನ್ನಿಗೆ ಬಂದಿಳಿದದ್ದು ಎಂಬುದು ಆಮೇಲೆ ಗೊತ್ತಾಯಿತು. ಅಷ್ಟಾದರೂ 1681ರಲ್ಲಿ, ದುರಂತದ ನೆನಪಿಗೆ ನಿಲ್ಲಿಸಿದ ಸ್ಮಾರಕ ಸ್ತಂಭದ ಮೇಲೆ ಕ್ಯಾಥೊಲಿಕರನ್ನು ದೂರುವ ಸಾಲುಗಳನ್ನು ಕೆತ್ತಿಸಿದರು. ಅವನ್ನು ಕೊನೆಯದಾಗಿ ಅಳಿಸಿಹಾಕಿದ್ದು 1830ರಲ್ಲಿ.