ತುರ್ತು ಎಚ್ಚರಿಕೆ ಸಂದೇಶಗಳು: ಸ್ಮಾರ್ಟ್‌ಫೋನಿನಲ್ಲಿ ಮಾಡಿಕೊಳ್ಳಬೇಕಾದ ಹೊಂದಾಣಿಕೆ ಮತ್ತು ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

ಮುಂಗಾರು ಪೂರ್ವದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಿಡಿಲು, ಮುಂಗಾರಿನಲ್ಲಿ ನದಿಗಳ ಪ್ರವಾಹ, ಮಲೆನಾಡು ಹಾಗೂ ಕೊಡಗಿನಲ್ಲಿ ಭೂಕುಸಿತ ಇವು ನಮ್ಮ ರಾಜ್ಯದ ರೈತರು ಎದುರಿಸುವ ಪ್ರಮುಖ ಪ್ರಕೃತಿ ವಿಕೋಪಗಳು. 2018ರಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತ, 2019ರ ಆಗಸ್ಟ್‌ನಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳನ್ನು ಆವರಿಸಿದ ನೆರೆ ಹಾಗೂ 2020ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಉಕ್ಕಿ ಹರಿದ ಭೀಮಾ ನದಿಯನ್ನು ರೈತ ಬಾಂಧವರು ಮರೆತಿಲ್ಲ. ಇಂತಹ ಸಂದರ್ಭಗಳಲ್ಲಿ ಸಿಡಿಲಿನಿಂದ ಪಾರಾಗಲು ಕೆಲವು ನಿಮಿಷಗಳ, ನೆರೆಯಿಂದ ಪಾರಾಗಲು ಕೆಲವು ಗಂಟೆಗಳ ಮುನ್ಸೂಚನೆ ದೊರೆತರೂ ಜೀವ ಮತ್ತು ಜಾನುವಾರುಗಳನ್ನು ಉಳಿಸಿಕೊಳ್ಳಬಹುದು.

ಈ ಮುನ್ಸೂಚನೆ ಈಗ ರೈತರ ಜೇಬಿನಲ್ಲಿರುವ ಫೋನಿಗೇ ಬರುತ್ತಿದೆ. ಆದರೆ ಫೋನಿನ ಹೊಂದಾಣಿಕೆ ಸರಿಯಾಗಿಲ್ಲದಿದ್ದರೆ ಸಂದೇಶ ಕಾಣುವುದಿಲ್ಲ. ಸಂದೇಶ ಬಂದಾಗ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿರದಿದ್ದರೆ ಅದು ಕಂಡರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ ವರ್ಷ ಮುಂಗಾರು ಪೂರ್ವ ಮಳೆ ಆರಂಭವಾಗುವ ಮುನ್ನ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ.

ಎಚ್ಚರಿಕೆ ಬರುವ ಮೂರು ಮಾರ್ಗಗಳು

1. ಸೆಲ್ ಬ್ರಾಡ್‌ಕಾಸ್ಟ್: ಅಪಾಯವಿರುವ ಪ್ರದೇಶದ ಮೊಬೈಲ್ ಗೋಪುರಗಳಿಂದ ಆ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ಬಿತ್ತರವಾಗುವ ಸಂದೇಶವಿದು. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಫೋನು ದೊಡ್ಡ ಸದ್ದು ಮಾಡಿ ಕಂಪಿಸುತ್ತದೆ ಮತ್ತು ಸಂದೇಶ ಪರದೆಯ ಮೇಲೆ ತಾನಾಗಿಯೇ ಮೂಡುತ್ತದೆ. ದೂರಸಂಪರ್ಕ ಇಲಾಖೆಯು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದೊಂದಿಗೆ ಸೇರಿ ಈ ವ್ಯವಸ್ಥೆಯನ್ನು ರೂಪಿಸಿದ್ದು, ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 12ರಂದು ಇದರ ಪರೀಕ್ಷೆ ನಡೆಯಿತು.

2. ಎಸ್‌ಎಂಎಸ್: ಸಾಮಾನ್ಯ ಕೀಪ್ಯಾಡ್ ಫೋನಿಗೂ ಬರುತ್ತದೆ. ಆದರೆ ಇದರ ಸದ್ದು ಇತರ ಸಂದೇಶಗಳ ಸದ್ದಿನಂತೆಯೇ ಇರುವುದರಿಂದ ಗಮನಕ್ಕೆ ಬಾರದೇ ಹೋಗಬಹುದು.

3. ಮೊಬೈಲ್ ಆ್ಯಪ್‌ಗಳು: ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’, ಸಿಡಿಲಿನ ಮಾಹಿತಿಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಹಾಗೂ ಬೆಳೆ ಸಲಹೆಗಾಗಿ ‘ಮೇಘದೂತ್’ ಲಭ್ಯವಿವೆ. ಇವುಗಳಿಗೆ ಇಂಟರ್‌ನೆಟ್ ಸಂಪರ್ಕ ಅವಶ್ಯಕ. ಮೇಘದೂತ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಸಲಹೆಯು ಬಿತ್ತನೆ, ಸಿಂಪರಣೆ, ಕೊಯ್ಲುಗಳ ಯೋಜನೆಗೆ ಉಪಯುಕ್ತ; ಅದನ್ನು ತುರ್ತು ಎಚ್ಚರಿಕೆಯೆಂದು ಭಾವಿಸಬಾರದು.

ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯು ಫೋನು ಇರುವ ಸ್ಥಳವನ್ನು ಅವಲಂಬಿಸಿದೆಯೇ ಹೊರತು ಸಿಮ್ ಪಡೆದ ಊರನ್ನಲ್ಲ. ನದಿ ದಂಡೆಯ ಗ್ರಾಮಕ್ಕೆ ಬಿತ್ತರವಾದ ಸಂದೇಶವು ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಬರುವುದಿಲ್ಲ. ಅದೇ ರೀತಿ ಫೋನನ್ನು ಮನೆಯಲ್ಲಿ ಚಾರ್ಜಿಗೆ ಇಟ್ಟು ಹೊಲಕ್ಕೆ ಹೋದವರಿಗೆ ಯಾವ ಎಚ್ಚರಿಕೆಯೂ ತಲುಪದು.

ಆಂಡ್ರಾಯ್ಡ್ ಫೋನಿನಲ್ಲಿ ಹೊಂದಾಣಿಕೆ

1. ‘ಸೆಟ್ಟಿಂಗ್ಸ್’ ತೆರೆದು ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ವಿಭಾಗಕ್ಕೆ ಹೋಗಿರಿ. ಅಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂಬುದನ್ನು ಒತ್ತಿರಿ. ಕಂಪನಿಗೆ ಅನುಗುಣವಾಗಿ ಸ್ಥಳ ಬದಲಾಗುವುದರಿಂದ, ಸಿಗದಿದ್ದಲ್ಲಿ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ ‘ಎಮರ್ಜೆನ್ಸಿ’ ಎಂದು ಟೈಪ್ ಮಾಡಿರಿ.
2. ‘ಅಲೋ ಅಲರ್ಟ್ಸ್’ ಎಂಬುದು ಚಾಲನೆಯಲ್ಲಿರಲಿ.
3. ಅದರ ಕೆಳಗಿರುವ ‘ಎಕ್ಸ್‌ಟ್ರೀಮ್ ಥ್ರೆಟ್ಸ್’ ಅಂದರೆ ಅತಿ ತೀವ್ರ ಅಪಾಯ ಮತ್ತು ‘ಸಿವಿಯರ್ ಥ್ರೆಟ್ಸ್’ ಅಂದರೆ ತೀವ್ರ ಅಪಾಯ, ಇವೆರಡನ್ನೂ ಚಾಲನೆಯಲ್ಲಿಡಿ.
4. ಕಂಪನದ ಆಯ್ಕೆಯನ್ನೂ ಚಾಲನೆಯಲ್ಲಿಡಿ. ಪಂಪ್‌ಸೆಟ್ ಅಥವಾ ಟ್ರ್ಯಾಕ್ಟರ್ ಸದ್ದಿನ ನಡುವೆ ಇದು ನೆರವಾಗುತ್ತದೆ.
5. ‘ಟೆಸ್ಟ್ ಅಲರ್ಟ್ಸ್’ ಪರೀಕ್ಷಾ ಸಂದೇಶಗಳಿಗೆ ಸಂಬಂಧಿಸಿದ್ದು. ಒಮ್ಮೆಯಾದರೂ ಆ ಸದ್ದನ್ನು ಕೇಳಿ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.
6. ಎರಡು ಸಿಮ್ ಇರುವ ಕೆಲವು ಫೋನುಗಳಲ್ಲಿ ಪ್ರತಿ ಸಿಮ್‌ಗೆ ಪ್ರತ್ಯೇಕ ಆಯ್ಕೆ ಇರುತ್ತದೆ. ಎರಡನ್ನೂ ಪರಿಶೀಲಿಸಿರಿ.
7. ಗಾಬರಿಯಲ್ಲಿ ಸಂದೇಶವನ್ನು ಮುಚ್ಚಿಬಿಟ್ಟಿದ್ದರೆ, ‘ಎಮರ್ಜೆನ್ಸಿ ಅಲರ್ಟ್ ಹಿಸ್ಟರಿ’ ಎಂಬಲ್ಲಿ ಮತ್ತೆ ಓದಬಹುದು.

ಐಫೋನ್ ಬಳಸುವವರು ‘ಸೆಟ್ಟಿಂಗ್ಸ್’ನ ‘ನೋಟಿಫಿಕೇಶನ್ಸ್’ ತೆರೆದು, ಪಟ್ಟಿಯ ಕೊನೆಯಲ್ಲಿ ಸರ್ಕಾರಿ ಎಚ್ಚರಿಕೆಗಳಿಗೆ ಸಂಬಂಧಿಸಿದ ಆಯ್ಕೆಗಳನ್ನು ನೋಡಿಕೊಳ್ಳಬೇಕು.

ಆ್ಯಪ್‌ಗಳಿಗೆ ನೀಡಬೇಕಾದ ಅನುಮತಿಗಳು

ಆ್ಯಪ್ ಇದ್ದರೂ ಎಚ್ಚರಿಕೆ ಬರುತ್ತಿಲ್ಲವೆಂದಾದರೆ ಮೂರು ಅಂಶಗಳನ್ನು ಪರಿಶೀಲಿಸಬೇಕು. ಮೊದಲನೆಯದು ಸ್ಥಳದ ಅನುಮತಿ: ಫೋನಿನ ‘ಲೊಕೇಶನ್’ ಚಾಲನೆಯಲ್ಲಿದ್ದು, ಆ್ಯಪ್ ತೆರೆದಿರದ ಸಮಯದಲ್ಲಿಯೂ ಸ್ಥಳ ತಿಳಿಯಲು ಅನುಮತಿ ಇರಬೇಕು. ಎರಡನೆಯದು ನೋಟಿಫಿಕೇಶನ್‌ಗೆ ಅನುಮತಿ. ಮೂರನೆಯದು ಬ್ಯಾಟರಿ ಉಳಿತಾಯದ ವ್ಯವಸ್ಥೆ: ಹೆಚ್ಚು ಕಾಲ ಬಳಸದ ಆ್ಯಪ್‌ಗಳನ್ನು ಫೋನು ತಾನಾಗಿಯೇ ಸ್ಥಗಿತಗೊಳಿಸುತ್ತದೆ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಎಚ್ಚರಿಕೆ ಆ್ಯಪ್‌ಗಳು ಇದಕ್ಕೆ ಸುಲಭವಾಗಿ ಗುರಿಯಾಗುತ್ತವೆ. ಆದ್ದರಿಂದ ಆ್ಯಪ್‌ನ ಬ್ಯಾಟರಿ ಆಯ್ಕೆಯಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಂದರೆ ನಿರ್ಬಂಧವಿಲ್ಲ ಎಂಬುದನ್ನು ಆರಿಸಿಕೊಳ್ಳಿರಿ.

ಸದ್ದಿಗೆ ಅಂಜಿ ಎಚ್ಚರಿಕೆಯನ್ನು ನಿಲ್ಲಿಸಬೇಡಿ

ಮಧ್ಯರಾತ್ರಿ ಫೋನು ಒಮ್ಮೆಲೇ ಕೂಗಿಕೊಂಡಾಗ ಮಕ್ಕಳು, ವೃದ್ಧರು ಬೆಚ್ಚಿಬೀಳುವುದು ಸಹಜ. ಆ ಕಾರಣಕ್ಕೆ ಎಲ್ಲಾ ಎಚ್ಚರಿಕೆಗಳನ್ನು ಸ್ಥಗಿತಗೊಳಿಸಿದರೆ, ಮುಂದೆ ನದಿ ನೀರು ಏರುವ ರಾತ್ರಿಯೂ ಫೋನು ಮೌನವಾಗಿರುತ್ತದೆ. ಪರೀಕ್ಷಾ ಸಂದೇಶ ಬೇಡವೆನಿಸಿದರೆ ಅದನ್ನು ಮಾತ್ರ ನಿಲ್ಲಿಸಿರಿ. ತೀವ್ರ ಮತ್ತು ಅತಿ ತೀವ್ರ ಅಪಾಯದ ಆಯ್ಕೆಗಳನ್ನು ಮುಟ್ಟಬೇಡಿ. ರಾತ್ರಿ ಪಾಳಿಯ ವಿದ್ಯುತ್ತಿನಲ್ಲಿ ನೀರು ಹಾಯಿಸಲು ಹೋಗುವವರು ಫೋನನ್ನು ಪೂರ್ಣ ಚಾರ್ಜ್ ಮಾಡಿ ಜೊತೆಯಲ್ಲಿಯೇ ಒಯ್ಯಬೇಕು. ಫೋನು ಆರಿಸಿದ್ದರೆ, ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಅಥವಾ ಸಿಗ್ನಲ್ ಇಲ್ಲದಿದ್ದರೆ ಎಚ್ಚರಿಕೆ ಬರುವುದಿಲ್ಲ.

ಸಂದೇಶವನ್ನು ಅರ್ಥೈಸಿಕೊಳ್ಳುವುದು

ಭಾರತೀಯ ಹವಾಮಾನ ಇಲಾಖೆಯು ನಾಲ್ಕು ಬಣ್ಣಗಳನ್ನು ಬಳಸುತ್ತದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆಯನ್ನು ಭಾರಿ ಮಳೆಯೆಂದು, 115.6ರಿಂದ 204.4 ಮಿ.ಮೀ. ಮಳೆಯನ್ನು ಅತಿ ಭಾರಿ ಮಳೆಯೆಂದು ಇಲಾಖೆ ವರ್ಗೀಕರಿಸುತ್ತದೆ. ಸಂದೇಶ ಬಂದಾಗ ಯಾವ ಸ್ಥಳಕ್ಕೆ, ಯಾವ ಅಪಾಯಕ್ಕೆ ಮತ್ತು ಎಷ್ಟು ಗಂಟೆಯವರೆಗೆ ಅದು ಅನ್ವಯಿಸುತ್ತದೆ ಎಂಬ ಮೂರು ಅಂಶಗಳನ್ನು ಮೊದಲು ಓದಿಕೊಳ್ಳಬೇಕು.

ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯು ಒಟಿಪಿಯನ್ನಾಗಲಿ, ಬ್ಯಾಂಕ್ ಖಾತೆಯ ವಿವರವನ್ನಾಗಲಿ ಎಂದಿಗೂ ಕೇಳುವುದಿಲ್ಲ. ಬೆಳೆ ಪರಿಹಾರದ ಹೆಸರಿನಲ್ಲಿ ಇಂತಹ ವಿವರ ಕೇಳುವ ಸಂದೇಶವು ವಂಚನೆಯೆಂದು ತಿಳಿಯತಕ್ಕದ್ದು.

ಸಂದೇಶ ಬಂದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

ಸಿಡಿಲು:
• ಹೊಲದ ಕೆಲಸ ನಿಲ್ಲಿಸಿ, ಹತ್ತಿರದ ಪಕ್ಕಾ ಕಟ್ಟಡಕ್ಕೆ ತೆರಳಿರಿ. ಬದುವಿನ ಒಂಟಿ ಮರ ಮತ್ತು ತೆರೆದ ಗುಡಿಸಲು ರಕ್ಷಣೆ ನೀಡುವುದಿಲ್ಲ.
• ತಂತಿ ಬೇಲಿ, ಪಂಪ್‌ಸೆಟ್ ಸ್ಟಾರ್ಟರ್, ಕಬ್ಬಿಣದ ಪೈಪುಗಳನ್ನು ಮುಟ್ಟಬೇಡಿ. ಕೆರೆ, ಕಾಲುವೆ ಮತ್ತು ನೀರು ನಿಂತ ಗದ್ದೆಯಿಂದ ಹೊರಬನ್ನಿ.
• ಜಾನುವಾರುಗಳನ್ನು ಮರದ ಕೆಳಗೆ ಕಟ್ಟಬೇಡಿ.
• ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ.

ಪ್ರವಾಹ ಮತ್ತು ಜಲಾಶಯದಿಂದ ನೀರು ಬಿಡುಗಡೆ:
• ಮೊದಲು ಜನ, ನಂತರ ಜಾನುವಾರು, ಆ ಬಳಿಕ ವಸ್ತುಗಳು ಎಂಬ ಕ್ರಮವನ್ನು ಪಾಲಿಸಿರಿ. ದನಕರುಗಳ ಹಗ್ಗ ಬಿಚ್ಚಿ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಿರಿ.
• ಮಳೆ ನಿಂತಿದೆಯೆಂದು ಮೈಮರೆಯಬೇಡಿ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ನಮ್ಮಲ್ಲಿ ಬಿಸಿಲಿದ್ದಾಗಲೂ ಭೀಮಾ ತೀರವನ್ನು ಮುಳುಗಿಸಬಲ್ಲದು.
• ನದಿ ದಂಡೆಯ ಮೋಟಾರನ್ನು ಕಿತ್ತಳೆ ಎಚ್ಚರಿಕೆಯ ಹಂತದಲ್ಲಿಯೇ, ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಮೇಲಕ್ಕೆ ಸಾಗಿಸಿರಿ. ನೀರು ಏರತೊಡಗಿದ ಮೇಲೆ ಮೋಟಾರಿಗಾಗಿ ನದಿಗೆ ಇಳಿಯಬೇಡಿ. ಮೋಟಾರನ್ನು ಮತ್ತೆ ಕೊಳ್ಳಬಹುದು.
• ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎತ್ತಿನ ಬಂಡಿಯನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಇಳಿಸಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರಗಳ ಮುಂಗಾರು ಪೂರ್ವ ತರಬೇತಿಗಳಲ್ಲಿ ಐದು ನಿಮಿಷ ಮೀಸಲಿಟ್ಟು, ಪ್ರತಿಯೊಬ್ಬರ ಫೋನಿನಲ್ಲಿ ಮೇಲಿನ ಹೊಂದಾಣಿಕೆಯನ್ನು ಸ್ವತಃ ಪರಿಶೀಲಿಸಿರಿ. ಮಹಿಳೆಯರ ಬಳಿ ಪ್ರತ್ಯೇಕ ಫೋನು ಇದೆಯೇ, ಹಗಲಿನಲ್ಲಿ ಅದು ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಕೇಳಿ ತಿಳಿಯಿರಿ.
• ನದಿ ದಂಡೆ, ನಡುಗಡ್ಡೆ, ತೋಟದ ಮನೆ ಹಾಗೂ ಕುರಿಹಟ್ಟಿಗಳಲ್ಲಿ ವಾಸಿಸುವ, ಫೋನು ಅಥವಾ ಸಿಗ್ನಲ್ ಇಲ್ಲದ ಕುಟುಂಬಗಳ ಪಟ್ಟಿ ತಯಾರಿಸಿರಿ. ಎಚ್ಚರಿಕೆ ಬಂದಾಗ ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಹೆಸರು ಸಮೇತ ನಿಗದಿಪಡಿಸಿರಿ. ಡಂಗುರ ಮತ್ತು ಗುಡಿಯ ಧ್ವನಿವರ್ಧಕ ಇಂದಿಗೂ ಉಪಯುಕ್ತ ಸಾಧನಗಳು.
• ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಂದೇಶ ಹಂಚುವ ಮುನ್ನ ದಿನಾಂಕ, ಸಮಯ ಮತ್ತು ಮೂಲವನ್ನು ಪರಿಶೀಲಿಸಿರಿ. ಹಳೆಯ ಎಚ್ಚರಿಕೆ ಮತ್ತೆ ಮತ್ತೆ ಸುತ್ತಾಡಿದರೆ, ನಿಜವಾದ ಎಚ್ಚರಿಕೆಯನ್ನು ಜನ ನಂಬದಾಗುತ್ತಾರೆ.

ಸಹಾಯವಾಣಿಗಳು

ತುರ್ತು ನೆರವಿಗೆ 112. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ರಾಜ್ಯ ನಿಯಂತ್ರಣ ಕೊಠಡಿಗೆ 1070. ಹವಾಮಾನ ಮಾಹಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ 92433 45433. ಈ ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿಕೊಳ್ಳುವುದರ ಜೊತೆಗೆ ಪಂಪ್‌ಹೌಸ್ ಮತ್ತು ಕೊಟ್ಟಿಗೆಯ ಗೋಡೆಯ ಮೇಲೂ ಬರೆದಿಡಿ.

ಎಲ್ಲಾ ಸಿಡಿಲಿಗೂ ಮುನ್ನ ಫೋನು ಎಚ್ಚರಿಸುತ್ತದೆ ಎಂಬ ಭರವಸೆ ಇಲ್ಲ. ಕಾರ್ಮೋಡ ಕವಿದು ಗುಡುಗು ಕೇಳಿಸಿದಾಗ ಸಂದೇಶಕ್ಕಾಗಿ ಕಾಯದೆ ಹೊಲದಿಂದ ಹೊರಡಬೇಕು. ಫೋನಿನ ಎಚ್ಚರಿಕೆಯು ರೈತರ ಅನುಭವಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.